ಆಕಾಶದ ಬಾಂದುಕಲ್ಲು

ಆಕಾಶಗಂಗೆಯ ಒಂದು ಚಿತ್ರ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಈ ಕೊನೆಯಿಂದ ಆ ಕೊನೆಯವರೆಗೆ ಹರಡಿದ ಬೆಳಕಿನ ಪಟ್ಟಿ, ನಡುನಡುವೆ ಕೆಂಪು ನೀಲಿ ಮೋಡಗಳು, ಕಪ್ಪು ಸೀಳುಗಳು, ಎಣಿಸಲಾಗದಷ್ಟು ಚುಕ್ಕಿಗಳು. ಬೆರಳಿನಿಂದ ಹಿಗ್ಗಿಸಿದರೆ ಇನ್ನಷ್ಟು ಚುಕ್ಕಿ, ಮತ್ತೂ ಹಿಗ್ಗಿಸಿದರೆ ಮತ್ತಷ್ಟು. ಆದರೆ ಮಳವಳ್ಳಿ ಕಡೆಯ ಹೊಲವೊಂದರಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಮಾಸಲು ಪಟ್ಟಿ ಮಾತ್ರ. ಅದೂ ಕರೆಂಟು ಹೋದ ರಾತ್ರಿ. ‘ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಬಿಡಿ’ ಎಂದು ಅರ್ಧ ಜನ ಆ ಚಿತ್ರವನ್ನು ಅಲ್ಲಿಗೇ ಕೈಬಿಡುತ್ತಾರೆ.

ಬಣ್ಣದ ಸಂಶಯಕ್ಕೆ ಉತ್ತರ ಸುಲಭ. ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಸಣ್ಣ ಪಾಲಿನಲ್ಲಿ ಹಳೆಯದನ್ನು ಒರೆಸಿ ಹೊಸದನ್ನು ನೋಡುತ್ತದೆ. ಜೊತೆಗೆ, ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಹಾಗಲ್ಲ. ಎರಡು ನಿಮಿಷ ಬಾಗಿಲು ತೆರೆದಿಟ್ಟರೆ ಎರಡು ನಿಮಿಷದ ಬೆಳಕನ್ನೂ ಒಂದೇ ಕಡೆ ಸೇರಿಸಿಟ್ಟುಕೊಳ್ಳುತ್ತದೆ. ಬಣ್ಣ ಅಲ್ಲಿ ಇದ್ದದ್ದೇ, ನಮಗೆ ಕಾಣುತ್ತಿರಲಿಲ್ಲ ಅಷ್ಟೆ.

ಇನ್ನೊಂದು ಸಂಶಯವಿದೆ. ಅದನ್ನು ಕೇಳುವವರು ಕಡಿಮೆ, ಆದರೆ ನಿಜವಾದ ಒಗಟು ಅದೇ. ಅಷ್ಟು ಸೂಕ್ಷ್ಮ ವಿವರ ತೋರಿಸುವ ಮಸೂರಕ್ಕೆ ಆಕಾಶದ ಒಂದು ತುಣುಕಷ್ಟೇ ಕಾಣುತ್ತದೆ. ಇಡೀ ಆಕಾಶ ಕಾಣುವ ಮಸೂರಕ್ಕೆ ಸೂಕ್ಷ್ಮ ವಿವರ ದಕ್ಕುವುದಿಲ್ಲ. ಹಾಗಾದರೆ ಎರಡೂ ಇರುವ ಚಿತ್ರ ಎಲ್ಲಿಂದ ಬಂತು? ನೂರಾರು ಚಿತ್ರಗಳನ್ನು ಜೋಡಿಸಿದ್ದು ಎನ್ನುತ್ತೀರಾ? ಜೋಡಿಸಿದ್ದರೆ ಗೆರೆ ಕಾಣಬೇಡವೇ?

ಒಂದೇ ಏಟಿಗೆ ಯಾಕಾಗದು

ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಹತ್ತು ಡಿಗ್ರಿಯಷ್ಟು ಅಗಲವನ್ನು ಮರೆಮಾಡುತ್ತದೆ. ಆಕಾಶ ಛಾಯಾಗ್ರಾಹಕರು ಬಹಳ ಮೆಚ್ಚುವ 135 ಮಿಲಿಮೀಟರ್ ಮಸೂರವನ್ನು ಪೂರ್ಣ ಅಳತೆಯ ಸಂವೇದಕವಿರುವ ಕ್ಯಾಮೆರಾಕ್ಕೆ ಹಾಕಿದರೆ ಒಂದು ಚಿತ್ರದಲ್ಲಿ ಸಿಗುವುದು ಸುಮಾರು 15 ಡಿಗ್ರಿ ಉದ್ದ, 10 ಡಿಗ್ರಿ ಅಗಲ. ಎಂದರೆ ಒಂದೂವರೆ ಮುಷ್ಟಿ. ಇಡೀ ಆಕಾಶಗೋಲದ ವಿಸ್ತೀರ್ಣ 41,253 ಚದರ ಡಿಗ್ರಿ. ಅಂಚಿಗೆ ಅಂಚು ಮುಟ್ಟಿಸಿ ಇಟ್ಟರೂ 275 ತುಂಡು ಬೇಕು. ಅಂಚುಗಳು ಒಂದರ ಮೇಲೊಂದು ಕಾಲುಭಾಗ ಏರಿರಬೇಕೆಂದರೆ (ಏರಲೇಬೇಕು, ಯಾಕೆಂದು ಮುಂದೆ ನೋಡೋಣ) ಐನೂರರ ಹತ್ತಿರ ಬರುತ್ತದೆ. ಒಂದು ಮೀಟರ್ ನಾಭಿದೂರದ ಸಣ್ಣ ದೂರದರ್ಶಕ ಕಟ್ಟಿಕೊಂಡರೆ ಅಂಚು ಏರಿಸದೆಯೇ ಹದಿನಾಲ್ಕು ಸಾವಿರ ದಾಟುತ್ತದೆ.

ಹೀಗೆ ತುಂಡುಗಳನ್ನು ಕೂಡಿಸಿ ಮಾಡಿದ್ದನ್ನು ಛಾಯಾಗ್ರಾಹಕರು ಮೊಸಾಯಿಕ್ ಎನ್ನುತ್ತಾರೆ. ನಾವಿಲ್ಲಿ ಕೂಡುಚಿತ್ರ ಎನ್ನೋಣ. ಎರಡು ತುಂಡುಗಳಿಗೂ ಸೇರಿದ ಅಂಚಿನ ಭಾಗಕ್ಕೆ ಕೂಡುಪಟ್ಟಿ ಎಂಬ ಹೆಸರಿರಲಿ.

ಗಗನಚುಕ್ಕಿ ಜಲಪಾತದ ಮುಂದೆ ನಿಂತು ಮೊಬೈಲನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ಅಗಲವಾದ ಚಿತ್ರ ತಾನಾಗಿಯೇ ಸಿದ್ಧವಾಗುತ್ತದಲ್ಲ, ಇದೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ತತ್ವ ಅದೇ. ಆದರೆ ಅಲ್ಲಿ ಎಲ್ಲ ತುಂಡುಗಳೂ ಹತ್ತು ಸೆಕೆಂಡಿನೊಳಗೆ, ಒಂದೇ ಬಿಸಿಲಿನಲ್ಲಿ ಮುಗಿಯುತ್ತವೆ. ಜಲಪಾತ ಇದ್ದಲ್ಲೇ ಇರುತ್ತದೆ. ಆಕಾಶ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಲೇ ಇರುತ್ತದೆ. ಒಂದು ತುಂಡಿಗೆ ಎರಡೆರಡು ನಿಮಿಷದ ಇಪ್ಪತ್ತು ಚಿತ್ರ ತೆಗೆದು ಸೇರಿಸಿದರೂ ನಲವತ್ತು ನಿಮಿಷ ಹೋಯಿತು. ಪಕ್ಕದ ತುಂಡಿನ ಸರದಿ ಬರುವಷ್ಟರಲ್ಲಿ ಆಕಾಶ ಒಂದು ಮುಷ್ಟಿ ಸರಿದಿರುತ್ತದೆ. ಮೋಡ ಬಂದರೆ ಮುಂದಿನ ತುಂಡು ಮುಂದಿನ ಅಮಾವಾಸ್ಯೆಗೆ, ಇಲ್ಲವೇ ಮುಂದಿನ ವರ್ಷಕ್ಕೆ.

ಮಳವಳ್ಳಿಯ ಭಾಗ್ಯ

ಭೂಗೋಳದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಹೆಚ್ಚುಕಡಿಮೆ ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಧ್ರುವನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ, ಒಂದು ಮುಷ್ಟಿಗಿಂತ ತುಸು ಎತ್ತರದಲ್ಲಿರುತ್ತದೆ. ಕ್ಯಾಮೆರಾವನ್ನು ಆಕಾಶದ ಜೊತೆಗೇ ತಿರುಗಿಸುವ ಪೀಠವನ್ನು ಈ ನಕ್ಷತ್ರದ ಕಡೆಗೇ ಗುರಿಯಿಟ್ಟು ಕೂರಿಸಬೇಕು. ತೆಂಗಿನ ತೋಟದ ಪಕ್ಕ ನಿಂತರೆ ಗರಿಗಳ ಹಿಂದೆ ಅದು ಸಿಗುವುದೇ ಇಲ್ಲ. ಉತ್ತರಕ್ಕೆ ಬಯಲಿರುವ ಜಾಗ ಹುಡುಕುವುದೇ ಮೊದಲ ಕೆಲಸ.

ಧ್ರುವ ಇಷ್ಟು ತಗ್ಗಿನಲ್ಲಿರುವುದಕ್ಕೆ ದೊಡ್ಡ ಲಾಭವೂ ಇದೆ. ಉತ್ತರದ ಧ್ರುವ ಎಷ್ಟು ತಗ್ಗೋ ದಕ್ಷಿಣದ ಆಕಾಶ ಅಷ್ಟು ಮೇಲೆ ಬರುತ್ತದೆ. ವರ್ಷಪೂರ್ತಿ ಲೆಕ್ಕ ಹಾಕಿದರೆ ಆಕಾಶಗೋಲದಲ್ಲಿ ಮಳವಳ್ಳಿಗೆ ಎಂದೂ ಕಾಣದ ಭಾಗ ದಕ್ಷಿಣ ಧ್ರುವದ ಸುತ್ತಲ ಸಣ್ಣ ವೃತ್ತವೊಂದೇ, ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆಕಾಶಗಂಗೆ ಭೂಮಿಯ ಸುತ್ತ ಪೂರ್ತಿ ಉಂಗುರವಾಗಿ ಹಬ್ಬಿದೆ. ಅದರ ದಕ್ಷಿಣದ ತುದಿ, ತ್ರಿಶಂಕು ನಕ್ಷತ್ರಗಳ ಹತ್ತಿರದ್ದು, ಇಲ್ಲಿ ದಿಗಂತದಿಂದ ಹದಿನಾಲ್ಕೂವರೆ ಡಿಗ್ರಿ ಮೇಲೇರುತ್ತದೆ. ಒಟ್ಟಿನಲ್ಲಿ ಇಡೀ ಉಂಗುರ ಒಂದೇ ಹೊಲದಿಂದ ಸಿಗುತ್ತದೆ.

ಇದು ಎಲ್ಲರಿಗೂ ಇರುವ ಸೌಭಾಗ್ಯವಲ್ಲ. ಫಿನ್ಲೆಂಡಿನ ಛಾಯಾಗ್ರಾಹಕ ಜೆ-ಪಿ ಮೆತ್ಸಾವೈನಿಯೊ 2021ರಲ್ಲಿ ಹೊರತಂದ ಪ್ರಸಿದ್ಧ ಕೂಡುಚಿತ್ರಕ್ಕೆ ಹನ್ನೆರಡು ವರ್ಷ ಹಿಡಿಯಿತು. 234 ತುಂಡು, ಒಟ್ಟು ಸುಮಾರು 1,250 ಗಂಟೆಯ ಬೆಳಕು, 170 ಕೋಟಿ ಬಿಂದುಗಳು. ಅಷ್ಟಾದರೂ ಅದರಲ್ಲಿ ಆಕಾಶಗಂಗೆಯ ಕೇಂದ್ರವೇ ಇಲ್ಲ, ಯಾಕೆಂದರೆ ಅವರ ಊರಿನ ಅಕ್ಷಾಂಶದಲ್ಲಿ ಅದು ಹುಟ್ಟುವುದೇ ಇಲ್ಲ. ಇಡೀ ಆಕಾಶದ ಕೂಡುಚಿತ್ರ ಮಾಡಿ 2009ರಲ್ಲಿ ಪ್ರಕಟಿಸಿದ ಆಕ್ಸೆಲ್ ಮೆಲ್ಲಿಂಗರ್ ಅದಕ್ಕಾಗಿ ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ ಎರಡೂ ಕಡೆ ಕ್ಯಾಮೆರಾ ಹೊತ್ತುಕೊಂಡು ಹೋದರು. ಮಳವಳ್ಳಿಯಲ್ಲಿ ಆ ಕೇಂದ್ರ ನಡುಆಕಾಶದ ಹತ್ತಿರಕ್ಕೆ, 48 ಡಿಗ್ರಿ ಎತ್ತರಕ್ಕೆ ಬರುತ್ತದೆ. ಪಂಚಾಂಗದ ಮೂಲಾ ನಕ್ಷತ್ರ ಗೊತ್ತಿದ್ದವರು ಅದರ ತುಸು ಈಶಾನ್ಯಕ್ಕೆ ನೋಡಿದರೆ ಸಾಕು.

ಉಂಗುರದ ಉದ್ದ 360 ಡಿಗ್ರಿ. ಅಗಲ 20 ಎಂದು ಹಿಡಿದರೆ 135ರ ಮಸೂರಕ್ಕೆ ತೊಂಬತ್ತರ ಹತ್ತಿರ ತುಂಡು, ಅರುವತ್ತು ಗಂಟೆ ಬೆಳಕು. ಕಾಗದದ ಮೇಲೆ ಹದಿನೈದು ರಾತ್ರಿಯ ಕೆಲಸ. ಆದರೆ ಕೇಂದ್ರಭಾಗ ನಡುರಾತ್ರಿ ಅಷ್ಟು ಎತ್ತರಕ್ಕೆ ಬರುವುದು ಜೂನ್ ತಿಂಗಳಲ್ಲಿ, ಮುಂಗಾರು ಮೋಡದ ಹಿಂದೆ. ಅದನ್ನು ಹಿಡಿಯಬೇಕೆಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳಗಿನ ಜಾವ ಎದ್ದಿರಬೇಕು. ನಾಲೆ ಬಯಲಿನ ಭತ್ತದ ಗದ್ದೆ ಪಕ್ಕ ಆ ಹೊತ್ತಿಗೆ ಮಸೂರದ ಮೇಲೆ ಇಬ್ಬನಿ ಕೂರುತ್ತದೆ, ಅದಕ್ಕೊಂದು ಬಿಸಿಪಟ್ಟಿ ಸುತ್ತಬೇಕು. ಕಬ್ಬಿನ ಸೋಗೆಗೆ ಬೆಂಕಿ ಹಚ್ಚಿದ ರಾತ್ರಿಯಾದರೆ ಹೊಗೆ ಬೇರೆ.

ಊರಬೆಳಕು

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಈಗ ಮಳವಳ್ಳಿಯಲ್ಲಿ ನಿಂತು ಈಶಾನ್ಯಕ್ಕೆ ನೋಡಿ. ದಿಗಂತದ ಮೇಲೆ ಬಿಳಿಚಿಕೊಂಡ ಮಂಕುಬೆಳಕೊಂದು ಎದ್ದಿರುತ್ತದೆ. ಅದು ಬೆಂಗಳೂರಿನದು. ಇಲ್ಲಿಂದ ಕಳಿಸಿದ ಬೆಳಕು ನೂರಿಪ್ಪತ್ತು ವರ್ಷದ ಮೇಲೆ ಬಡ್ಡಿ ಸಮೇತ ವಾಪಸು ಬಂದಿದೆ. ಪಶ್ಚಿಮಕ್ಕೆ ಮೈಸೂರಿನ ಬೆಳಕು. ಮದ್ದೂರಿನವರಿಗೆ ಇವೆರಡರ ಜೊತೆಗೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯ ವಾಹನಗಳ ಬೆಳಕೂ ಸೇರುತ್ತದೆ. ಮುತ್ತತ್ತಿ ಕಾಡಿನ ಕಡೆ ಹೋದರೆ ಸ್ವಲ್ಪ ವಾಸಿ.

ಈ ಊರಬೆಳಕು ಗಾಳಿಯಲ್ಲಿರುವ ದೂಳು, ತೇವಕ್ಕೆ ಬಡಿದು ಚೆದುರಿ ಕ್ಯಾಮೆರಾದೊಳಕ್ಕೂ ಬರುತ್ತದೆ. ಅದು ಎಲ್ಲ ಕಡೆ ಒಂದೇ ಸಮನಾಗಿದ್ದರೆ ಒಂದೇ ಅಂಕಿ ಕಳೆದು ಸುಮ್ಮನಿರಬಹುದಿತ್ತು. ಹಾಗಿರುವುದಿಲ್ಲ. ಈಶಾನ್ಯಕ್ಕೆ ತೆಗೆದ ತುಂಡಿನ ಕೆಳಭಾಗ ಬೆಳ್ಳಗೆ, ಮೇಲ್ಭಾಗ ಕಪ್ಪಗೆ. ಅದೇ ತುಂಡನ್ನು ಕೆಲವು ಗಂಟೆ ಬಿಟ್ಟು ನೆತ್ತಿಯ ಕಡೆ ಬಂದಾಗ ತೆಗೆದರೆ ಪೂರ್ತಿ ಕಪ್ಪು. ದಿಗಂತದ ಹತ್ತಿರ ನೋಡುವಾಗ ಗಾಳಿಯ ದಪ್ಪವೂ ಹೆಚ್ಚು, ತ್ರಿಶಂಕುವಿನ ಎತ್ತರದಲ್ಲಿ ನೆತ್ತಿಗಿಂತ ನಾಲ್ಕು ಪಟ್ಟಿನ ಹತ್ತಿರ. ನಕ್ಷತ್ರಗಳು ಅಲ್ಲಿ ಮಂಕಾಗಿ, ಕೆಂಪಗೆ ಕಾಣುತ್ತವೆ. ಹೀಗೆ ಒಂದೊಂದು ತುಂಡಿಗೂ ತನ್ನದೇ ರಾತ್ರಿ, ತನ್ನದೇ ಗಂಟೆ, ತನ್ನದೇ ಮಬ್ಬು. ಸುಮ್ಮನೆ ಪಕ್ಕಪಕ್ಕ ಅಂಟಿಸಿದರೆ ಒಂದೊಂದು ಚೌಕವೂ ಬೇರೆ ಬೇರೆ ಎದ್ದು ಕಾಣುತ್ತದೆ.

ಎರಡು ಸರ್ವೆ ನಂಬರಿಗೆ ಒಂದು ಕಲ್ಲು

ಹೊಲ ಇರುವವರಿಗೆಲ್ಲ ಬಾಂದುಕಲ್ಲು ಗೊತ್ತು. ಎರಡು ಸರ್ವೆ ನಂಬರುಗಳ ಗಡಿಯಲ್ಲಿ ನೆಟ್ಟ ಕಲ್ಲು ಇಬ್ಬರಿಗೂ ಸೇರಿದ್ದು. ನಿಮ್ಮ ಹೊಲದ ನಕಾಶೆಯಲ್ಲೂ ಅದಿರುತ್ತದೆ, ಪಕ್ಕದವರ ನಕಾಶೆಯಲ್ಲೂ ಅದಿರುತ್ತದೆ. ಸರ್ವೆಯವರು ಪ್ರತಿ ಹೊಲವನ್ನೂ ಬೇರೆ ಬೇರೆ ಅಳೆದಿದ್ದರೂ, ಆ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದರೆ ಹೊಲ ಹೊಲ ಸೇರಿ ಇಡೀ ಊರಿನ ನಕಾಶೆ ತಾನಾಗಿ ಕೂಡಿಕೊಳ್ಳುತ್ತದೆ. ಗಡಿಯ ಗೆರೆ ಮಾತ್ರ ಇದ್ದು ಕಲ್ಲು ಇಲ್ಲದಿದ್ದರೆ ಯಾವ ಹೊಲ ಎಷ್ಟು ಓರೆಯಾಗಿ ಕೂತಿದೆ ಎಂದು ಹೇಳಲಾಗದು.

ಕೂಡುಪಟ್ಟಿಯಲ್ಲಿ ಸಿಕ್ಕ ನಕ್ಷತ್ರಗಳು ಆಕಾಶದ ಬಾಂದುಕಲ್ಲುಗಳು. ಎಡಗಡೆಯ ತುಂಡಿನಲ್ಲೂ ಅವಿವೆ, ಬಲಗಡೆಯದರಲ್ಲೂ ಇವೆ. ಅಂಚಿಗೆ ಅಂಚು ಮುಟ್ಟಿಸಿದರೆ ಸಾಲದು, ಅಂಚು ಏರಲೇಬೇಕು ಎಂದದ್ದು ಇದಕ್ಕೇ. ನಮ್ಮ ಹೊಲಕ್ಕೆ ನಾಲ್ಕೈದು ಕಲ್ಲಿದ್ದರೆ ಹೆಚ್ಚು. ಇಲ್ಲಿ ಒಂದೊಂದು ಕೂಡುಪಟ್ಟಿಯಲ್ಲಿ ನೂರಾರು, ಸಾವಿರಾರು. ಅದು ಬೇಕಾದದ್ದೂ ಹೌದು. ಆಕಾಶ ಗುಂಡಗಿದೆ, ಚಿತ್ರ ಚಪ್ಪಟೆಯಾಗಿದೆ, ಮಸೂರವಂತೂ ಅಂಚಿನ ಕಡೆ ಎಲ್ಲವನ್ನೂ ಒಂದಿಷ್ಟು ಎಳೆದುಬಿಡುತ್ತದೆ. ತುಂಡನ್ನು ಸರಿಸಿದರೆ, ತಿರುಗಿಸಿದರೆ ಸಾಲದು. ಇಲ್ಲಿ ಹಿಗ್ಗಿಸಿ, ಅಲ್ಲಿ ಕುಗ್ಗಿಸಿ ಕೂರಿಸಬೇಕು. ಎಲ್ಲೆಲ್ಲಿ ಎಷ್ಟೆಷ್ಟು ಎಂಬುದನ್ನು ಆ ಕಲ್ಲುಗಳೇ ಹೇಳುತ್ತವೆ.

ಈಗ ಇನ್ನೊಂದು ಅನುಕೂಲವೂ ಇದೆ. ಯುರೋಪಿನ ಗಾಯಾ ಉಪಗ್ರಹ ಸುಮಾರು 180 ಕೋಟಿ ಆಕಾಶಕಾಯಗಳ ಜಾಗವನ್ನು ಪಟ್ಟಿ ಮಾಡಿಟ್ಟಿದೆ. ಚಿತ್ರದಲ್ಲಿ ನಾಲ್ಕು ನಕ್ಷತ್ರ ಸೇರಿ ಆಗುವ ಆಕೃತಿಯನ್ನು ಹಿಡಿದು, ಅಂಥದೇ ಆಕೃತಿ ಆಕಾಶದಲ್ಲಿ ಎಲ್ಲಿದೆ ಎಂದು ಪಟ್ಟಿಯೊಂದಿಗೆ ತಾಳೆ ನೋಡಿ, ‘ಈ ಚಿತ್ರ ಇಂಥ ಜಾಗದ್ದು, ಇಷ್ಟು ಓರೆಯಾಗಿದೆ’ ಎಂದು ತಂತ್ರಾಂಶ ಕ್ಷಣದಲ್ಲಿ ಹೇಳುತ್ತದೆ. ಯಾವ ಕಡೆ ತೆಗೆದದ್ದು ಎಂದು ನಾವು ಬರೆದಿಟ್ಟಿರದಿದ್ದರೂ ನಡೆಯುತ್ತದೆ.

ಗಾಜಿನ ಫಲಕಗಳ ಕಾಲ

ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. 1887ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯಲು ಹೊರಟರು. ಫಲಕವೊಂದಕ್ಕೆ ಎರಡು ಡಿಗ್ರಿ ಚೌಕ, ಒಟ್ಟು 22 ಸಾವಿರದಷ್ಟು ಫಲಕ. ಕೆಲಸವನ್ನು ಇಪ್ಪತ್ತರಷ್ಟು ವೀಕ್ಷಣಾಲಯಗಳು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡವು. ದಕ್ಷಿಣಕ್ಕೆ 17ರಿಂದ 23 ಡಿಗ್ರಿಯವರೆಗಿನ ಪಟ್ಟಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ಆಗ ಬೀದರ್, ಕಲಬುರಗಿ, ರಾಯಚೂರುಗಳೂ ಅದೇ ನಿಜಾಮರ ಸೀಮೆ. ಮಂಡ್ಯದ ಆಕಾಶದಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಸುಮಾರು 57 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತದೆ.

ಲೆಕ್ಕ ಗಮನಿಸಿ. ಎರಡು ಡಿಗ್ರಿ ಚೌಕಕ್ಕೆ 10 ಸಾವಿರ ಚಿಲ್ಲರೆ ಫಲಕ ಸಾಕಿತ್ತು. ಅದರ ಎರಡು ಪಟ್ಟು ಬೇಕಾದದ್ದು ಯಾಕೆಂದರೆ, ಒಂದು ಫಲಕದ ಮೂಲೆ ಪಕ್ಕದ ಸಾಲಿನ ಫಲಕದ ನಡುವಿಗೆ ಬರುವಂತೆ ಇಟ್ಟಿದ್ದರು. ಪ್ರತಿ ನಕ್ಷತ್ರವೂ ಎರಡು ಫಲಕದಲ್ಲಿ ಬೀಳಬೇಕು ಎಂಬುದೇ ಕಟ್ಟುನಿಟ್ಟು. ಇಡೀ ಆಕಾಶವೇ ಕೂಡುಪಟ್ಟಿ! ದುಂದು ಎನಿಸಬಹುದು, ಆದರೆ ಅಷ್ಟು ಶಿಸ್ತು ಇವತ್ತಿನ ಹವ್ಯಾಸಿಗಳಲ್ಲಿ ನನಗಂತೂ ಕಾಣುವುದಿಲ್ಲ. ಆಕಾಶದ ಮುದ್ರಿತ ನಕಾಶೆ ಕೊನೆಗೂ ಪೂರ್ತಿಯಾಗಲಿಲ್ಲ. ನಕ್ಷತ್ರಗಳ ಪಟ್ಟಿ ಮಾತ್ರ ದಶಕಗಳ ಮೇಲೆ ಮುಗಿಯಿತು.

ನಮ್ಮ ರಾಜ್ಯದೊಳಗೇ ನಡೆದ ಕೆಲಸ ಇನ್ನೊಂದು ಬಗೆಯದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಒಂದು ಸಾವಿರ ರೇಡಿಯೋ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟವು. ಪೂರ್ವ ಪಶ್ಚಿಮದ ತೋಳು 1.4 ಕಿಲೋಮೀಟರ್ ಹತ್ತಿರ. ಆಂಟೆನಾಗಳು ನೆಲದಲ್ಲಿ ಇದ್ದಲ್ಲೇ ಇದ್ದವು. ಭೂಮಿ ತಿರುಗಿದಂತೆ ಆಕಾಶವೇ ಅವುಗಳ ಮೇಲೆ ಹಾದುಹೋಯಿತು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ 34.5 ಮೆಗಾಹರ್ಟ್ಸ್ ನಕಾಶೆಯಲ್ಲಿ ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿಯವರೆಗಿನ ಆಕಾಶವಿದೆ. ಅದರ ಅತಿ ಸಣ್ಣ ವಿವರವೇ ಹುಣ್ಣಿಮೆ ಚಂದ್ರನಷ್ಟು ದೊಡ್ಡದು. ಕಣ್ಣಿಗೆ ಹಬ್ಬವಾಗುವ ಚಿತ್ರವಲ್ಲ. ಆದರೂ ರೇಡಿಯೋ ಬೆಳಕಿನಲ್ಲಿ ಆಕಾಶಗಂಗೆ ಹೇಗೆ ಕಾಣುತ್ತದೆಂದು ಅಷ್ಟು ಅಗಲಕ್ಕೆ ತೋರಿಸಿದ ಕನ್ನಡ ನೆಲದ ಚಿತ್ರ ಅದು.

ಕಳೆದರೆ ಊರು ಉಳಿಯುತ್ತದೆ

ಜಾಗದ ಹೊಂದಾಣಿಕೆ ಆಯಿತು. ಬೆಳಕಿನ ಹೊಂದಾಣಿಕೆ ಉಳಿಯಿತು. ಕೂಡುಚಿತ್ರದ ಜೀವವಿರುವುದು ಇಲ್ಲಿ, ಹೆಚ್ಚಿನವರು ಎಡವುವುದೂ ಇಲ್ಲೇ.

ಕೂಡುಪಟ್ಟಿಯಲ್ಲಿ ನಕ್ಷತ್ರವಿಲ್ಲದ ಒಂದು ಜಾಗ ಆರಿಸಿ. ಎಡತುಂಡಿನಲ್ಲಿ ಅಲ್ಲಿ ದಾಖಲಾದ ಬೆಳಕು ಎರಡು ಪಾಲು ಸೇರಿ ಆದದ್ದು: ನಿಜವಾದ ಆಕಾಶದ್ದು ಒಂದು, ಆ ರಾತ್ರಿಯ ಮಬ್ಬಿನದು ಇನ್ನೊಂದು. ಬಲತುಂಡಿನಲ್ಲೂ ಹಾಗೆಯೇ. ಎರಡರಲ್ಲೂ ಆಕಾಶದ ಪಾಲು ಒಂದೇ, ಯಾಕೆಂದರೆ ಜಾಗ ಒಂದೇ. ಹಾಗಾದರೆ ಒಂದರಿಂದ ಇನ್ನೊಂದನ್ನು ಕಳೆಯಿರಿ. ಆಕಾಶ ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಎರಡು ರಾತ್ರಿಗಳ ಮಬ್ಬಿನ ವ್ಯತ್ಯಾಸ ಮಾತ್ರ. ಆಕಾಶದ ಎರಡು ಚಿತ್ರ ಕಳೆದರೆ ಊರು ಉಳಿಯುತ್ತದೆ!

ಈ ವ್ಯತ್ಯಾಸವನ್ನು ಕೂಡುಪಟ್ಟಿಯ ಉದ್ದಕ್ಕೂ ಅಳೆದರೆ, ಮಬ್ಬು ಯಾವ ಕಡೆಗೆ ಏರುತ್ತಿದೆ, ಯಾವ ಕಡೆಗೆ ಇಳಿಯುತ್ತಿದೆ ಎಂಬುದೂ ಸಿಗುತ್ತದೆ. ಮಬ್ಬು ಯಾವಾಗಲೂ ನಯವಾಗಿ ಏರಿಳಿಯುವಂಥದ್ದು, ನಕ್ಷತ್ರದಂತೆ ಚುಕ್ಕಿಯಾಗಿ ಇರುವಂಥದ್ದಲ್ಲ. ಹಾಗಾಗಿ ಪಟ್ಟಿಯಲ್ಲಿ ಸಿಕ್ಕ ಇಳಿಜಾರನ್ನು ತುಂಡಿನ ಒಳಭಾಗಕ್ಕೂ ಹಬ್ಬಿಸಿ ಕಳೆಯಬಹುದು. ನಕ್ಷತ್ರಗಳ ಹೊಳಪಿಗೂ ಇದೇ ನ್ಯಾಯ. ಒಂದೇ ನಕ್ಷತ್ರ ಎಡದಲ್ಲಿ ನೂರು, ಬಲದಲ್ಲಿ ಎಂಬತ್ತು ಎಂದು ತೋರಿದರೆ ಬಲತುಂಡಿನ ರಾತ್ರಿ ಗಾಳಿ ಅಷ್ಟು ಬೆಳಕು ನುಂಗಿದೆ ಎಂದರ್ಥ. ಆ ತುಂಡನ್ನೆಲ್ಲ ಅದೇ ಪ್ರಮಾಣದಲ್ಲಿ ಮೇಲೆತ್ತಬೇಕು. ಇವೆರಡು ಆದಮೇಲೆ ಕೂಡುಪಟ್ಟಿಯಲ್ಲಿ ಎರಡೂ ತುಂಡು ಒಂದೇ ಮಾತಾಡುತ್ತವೆ. ಆಗ ಎಲ್ಲಿ ಕತ್ತರಿಸಿದರೂ ಗೆರೆ ಬೀಳುವುದಿಲ್ಲ. ಗೆರೆಯನ್ನು ಯಾರೂ ಒರೆಸಿರುವುದಿಲ್ಲ, ಗೆರೆ ಹುಟ್ಟಲು ಕಾರಣವೇ ಇರುವುದಿಲ್ಲ.

ಎರಡು ತುಂಡಿಗೆ ಇಷ್ಟು ಸಾಕು. ತೊಂಬತ್ತು ತುಂಡಾದಾಗ ಬೇರೆ ತಾಪತ್ರಯ. ಮೊದಲನೆಯದಕ್ಕೆ ಎರಡನೆಯದನ್ನು, ಎರಡಕ್ಕೆ ಮೂರನ್ನು ಹೊಂದಿಸುತ್ತ ಹೋದರೆ ಒಂದೊಂದು ಹೊಂದಾಣಿಕೆಯಲ್ಲೂ ಕೂದಲೆಳೆಯಷ್ಟು ತಪ್ಪು ಉಳಿಯುತ್ತದೆ. ಆಕಾಶಗಂಗೆಯ ಉಂಗುರವನ್ನು ಮೂಲಾ ನಕ್ಷತ್ರದಿಂದ ಶುರುಮಾಡಿ ಪೂರ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದಾಗ, ಆ ಕೂದಲೆಳೆಗಳೆಲ್ಲ ಕೂಡಿ ಕೊನೆಯ ತುಂಡು ಮೊದಲನೆಯದರ ಪಕ್ಕ ಬೆಳ್ಳಗೆ ಕೂತಿರುತ್ತದೆ. ಊರು ಸುತ್ತಿ ಅಳೆದು ಹೊರಟ ಕಲ್ಲಿಗೇ ಬಂದ ಸರ್ವೆಯವರಿಗೂ ಲೆಕ್ಕ ಕೂಡುವುದಿಲ್ಲ. ಅವರು ಕೊನೆಯ ಹೊಲದ ರೈತನ ತಲೆಗೆ ತಪ್ಪನ್ನೆಲ್ಲ ಕಟ್ಟುವುದಿಲ್ಲ, ಎಲ್ಲ ಅಳತೆಗಳಿಗೂ ಹಂಚುತ್ತಾರೆ. ಇಲ್ಲಿಯೂ ಅಷ್ಟೆ. ತೊಂಬತ್ತು ತುಂಡುಗಳ ಎಲ್ಲ ಕೂಡುಪಟ್ಟಿಗಳನ್ನೂ ಒಟ್ಟಿಗೇ ಎದುರಿಗಿಟ್ಟುಕೊಂಡು, ಒಟ್ಟು ಜಗಳ ಎಷ್ಟು ಕಡಿಮೆಯಾದೀತೋ ಹಾಗೆ ಪ್ರತಿ ತುಂಡನ್ನೂ ತುಸು ಏರಿಸಿ ಇಳಿಸುವುದು ತಂತ್ರಾಂಶದ ಕೆಲಸ.

ಒಂದು ಅಪಾಯವಿದೆ. ಕೂಡುಪಟ್ಟಿ ಹೇಳುವುದು ವ್ಯತ್ಯಾಸವನ್ನು ಮಾತ್ರ. ಎರಡು ತುಂಡಿನಲ್ಲೂ ಒಂದೇ ತೆರನಾಗಿರುವ ಮಬ್ಬು ಅದಕ್ಕೆ ಕಾಣುವುದಿಲ್ಲ, ಹಲವು ತುಂಡುಗಳಿಗೆ ಹಬ್ಬಿದ ನಿಜವಾದ ಮಂದಬೆಳಕಿಗೂ ಮಬ್ಬಿಗೂ ಅದಕ್ಕೆ ಭೇದ ಗೊತ್ತಿಲ್ಲ. ಕಪ್ಪು ಹೆಚ್ಚಿದಷ್ಟೂ ಚಂದ ಎಂದು ಕಳೆಯುತ್ತ ಹೋದವರು ಊರಬೆಳಕಿನ ಜೊತೆಗೆ ಆಕಾಶಗಂಗೆಯ ಅರ್ಧವನ್ನೂ ಕಳೆದಿರುತ್ತಾರೆ. ನಕ್ಷತ್ರಗಳ ನಡುವೆ ಇದ್ದಿಲುಗಪ್ಪು ಕಾಣುವ ಆಕಾಶಗಂಗೆಯ ಚಿತ್ರವನ್ನು ನಾನಂತೂ ನಂಬುವುದಿಲ್ಲ. ಇದಕ್ಕೆ ಮದ್ದು, ಅಗಲ ಮಸೂರದಿಂದ ಇಡೀ ಹರವನ್ನು ಒಂದೇ ಚಿತ್ರದಲ್ಲಿ, ಸಾಧ್ಯವಾದಷ್ಟು ಕತ್ತಲ ಜಾಗದಲ್ಲಿ ತೆಗೆದಿಟ್ಟುಕೊಳ್ಳುವುದು. ಅದರಲ್ಲಿ ಸಣ್ಣ ವಿವರ ಇರದು. ಆದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ದೊಡ್ಡ ಲೆಕ್ಕಕ್ಕೆ ಸಾಕ್ಷಿಯಾಗುತ್ತದೆ.

ವ್ಯೋಮಕ್ಕೆ ಹೋದರೆ ಊರಬೆಳಕಿನ ಕಾಟ ತಪ್ಪುತ್ತದೆ, ತುಂಡುಗಳ ಕಾಟ ತಪ್ಪುವುದಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಹೊಸಕೋಟೆಯಲ್ಲಿ ಜೋಡಣೆಯಾದದ್ದು. ಅದಕ್ಕೆ ಒಮ್ಮೆಗೆ ಕಾಣುವುದು 28 ಕಲೆ ಅಗಲ, ಎಂದರೆ ಅರ್ಧ ಡಿಗ್ರಿಗೂ ಕಡಿಮೆ. ಆಂಡ್ರೊಮಿಡಾ ಗೆಲಾಕ್ಸಿಯೋ ಮೂರು ಡಿಗ್ರಿ ಉದ್ದ. ಅದನ್ನೂ ತುಂಡು ತುಂಡಾಗಿಯೇ ಕೂಡಿಸಬೇಕಾಯಿತು. ಚಿಲಿಯ ರೂಬಿನ್ ವೀಕ್ಷಣಾಲಯ ತನ್ನ 320 ಕೋಟಿ ಬಿಂದುಗಳ ಕ್ಯಾಮೆರಾದಿಂದ ತೆಗೆದು 2025ರ ಜೂನ್‌ನಲ್ಲಿ ತೋರಿಸಿದ ಮೊದಲ ಚಿತ್ರಗಳಲ್ಲೊಂದು ಕೂಡ 678 ಚಿತ್ರಗಳ ಕೂಡಿಕೆ. ಏಳು ಗಂಟೆಯಲ್ಲಿ ಮುಗಿದ ಕೆಲಸ.

ಜರುಗಿದ ಕಲ್ಲು

ಎಲ್ಲ ಹೊಂದಿಸಿದ ಮೇಲೂ ಕೂಡುಪಟ್ಟಿಯಲ್ಲಿ ಕೆಲವು ಚುಕ್ಕಿಗಳು ಹಟ ಹಿಡಿದು ಹೊಂದದೆ ಉಳಿಯುತ್ತವೆ. ಗುರು ಗ್ರಹ ಎರಡು ವಾರದ ಅಂತರದಲ್ಲಿ ತೆಗೆದ ಎರಡು ತುಂಡಿನಲ್ಲಿ ಎರಡು ಕಡೆ ಇರುತ್ತದೆ. ಕೂಡುಚಿತ್ರದಲ್ಲಿ ಇಬ್ಬರು ಗುರುಗಳು ಬೇಡವೆಂದರೆ ಒಬ್ಬರನ್ನು ಅಳಿಸಬೇಕು. ಹೊಳಪು ಏರಿಳಿಯುವ ನಕ್ಷತ್ರಗಳು ಎಡದಲ್ಲೊಂದು, ಬಲದಲ್ಲೊಂದು ಲೆಕ್ಕ ಹೇಳುತ್ತವೆ.

ಇನ್ನು ಕೆಲವು ನಕ್ಷತ್ರಗಳು ನಿಜಕ್ಕೂ ಜಾಗ ಬಿಟ್ಟು ಸರಿದಿರುತ್ತವೆ. ಹೈದರಾಬಾದೂ ಸೇರಿ ಅಂದಿನ ವೀಕ್ಷಣಾಲಯಗಳು ಗಾಜಿನ ಫಲಕಗಳಿಂದ ಅಳೆದಿಟ್ಟ ಜಾಗಗಳನ್ನು ಹಿಪಾರ್ಕಸ್ ಉಪಗ್ರಹದ ಅಳತೆಗಳ ಪಕ್ಕದಲ್ಲಿಟ್ಟು, ನಡುವಿನ ಹಲವು ದಶಕಗಳಲ್ಲಿ ಯಾವುದು ಎಷ್ಟು ಸರಿದಿದೆ ಎಂದು 25 ಲಕ್ಷ ನಕ್ಷತ್ರಗಳಿಗೆ ಲೆಕ್ಕ ಹಾಕಿದರು. ಟೈಕೋ-2 ಎಂಬ ಆ ಪಟ್ಟಿ 2000ದಲ್ಲಿ ಬಂತು.

ಎಲ್ಲಕ್ಕಿಂತ ವೇಗವಾಗಿ ಸರಿಯುವುದು ಬರ್ನಾರ್ಡನ ನಕ್ಷತ್ರ, ವರ್ಷಕ್ಕೆ ಹತ್ತು ವಿಕಲೆ (ಆರ್ಕ್‌ಸೆಕೆಂಡ್) ಚಿಲ್ಲರೆ. ಬರಿಗಣ್ಣಿಗೆ ಕಾಣದು, 135ರ ಮಸೂರಕ್ಕೆ ಧಾರಾಳವಾಗಿ ಕಾಣುತ್ತದೆ, ಮಳವಳ್ಳಿಯಲ್ಲಿ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಒಂದು ತುಂಡನ್ನು ಈ ವರ್ಷ ತೆಗೆದು ಪಕ್ಕದ ತುಂಡಿಗೆ ಐದು ವರ್ಷ ಬಿಟ್ಟು ಕೈಹಾಕಿದರೆ, ಅಷ್ಟರಲ್ಲಿ ಅದು ಈಗಿನ ಸಾಮಾನ್ಯ ಸಂವೇದಕದ ಮೇಲೆ ಒಂಬತ್ತು ಬಿಂದುಗಳಷ್ಟು ಜರುಗಿರುತ್ತದೆ. ತಂತ್ರಾಂಶ ಅದನ್ನು ಕೆಟ್ಟ ಕಲ್ಲೆಂದು ಪಕ್ಕಕ್ಕೆ ತಳ್ಳಿ, ಉಳಿದ ನೂರಾರು ಕಲ್ಲುಗಳ ಮೇಲೆ ತುಂಡನ್ನು ಕೂರಿಸಿ ಮುಂದಿನದಕ್ಕೆ ಹೋಗುತ್ತದೆ.